ಬೀಗ ಹಾಕುವ ಮುನ್ನ ಕರೆಯುವ ಬೀಗದಮ್ಮ

ಇನ್ನೂ ಬೆಳಕು ಹರಿದಿಲ್ಲ. ಶಾಲೆಯ ಪ್ರಾರ್ಥನಾ ಮಂದಿರದ ಮುಂದೆ ಆಯಾ ಬೀಗದ ಕೈ ಹಿಡಿದು ನಿಂತಿದ್ದಾರೆ. ಮೊದಲು ಬಾಗಿಲು ತಟ್ಟಿ ಕಿವಿಗೊಡುತ್ತಾರೆ. ಖಾಲಿ ಕೋಣೆಯ ಬಾಗಿಲನ್ನು ಯಾರಾದರೂ ತಟ್ಟುತ್ತಾರೆಯೇ? ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ ನಗು ಬರುತ್ತದೆ, ಆದರೆ ಅವರು ಇನ್ನೊಮ್ಮೆ ತಟ್ಟಿ ಬಾಗಿಲಿಗೆ ಕಿವಿ ಹಚ್ಚುವುದನ್ನು ಕಂಡು ನುಂಗಿಕೊಳ್ಳುತ್ತೇನೆ. ಒಳಗೆ ಹೋದವರೇ ಮಂಡಿಯೂರಿ ಒಂದೊಂದೇ ಬೆಂಚಿನ ಕೆಳಗೆ ಕೈಯಾಡಿಸುತ್ತಾರೆ. ಯಾರೂ ಇಲ್ಲ. ಆಮೇಲೆಯೇ ಪೊರಕೆ.

ಕಲ್ಲೆಸೆದವರಿಗಾಗಿಯೇ ಪ್ರಾರ್ಥಿಸುತ್ತ ಪ್ರಾಣ ಬಿಟ್ಟ ಆದಿಕಾಲದ ಕ್ರೈಸ್ತ ಸಂತನ ಹೆಸರು ಈ ಶಾಲೆಗೆ. ಕಸ ಗುಡಿಸುವುದು, ಗಂಟೆ ಬಾರಿಸುವುದು, ಬಿದ್ದ ಮಕ್ಕಳ ಮಂಡಿಗೆ ಔಷಧಿ ಹಚ್ಚುವುದು, ಸಂಜೆ ಇಪ್ಪತ್ತಕ್ಕೂ ಹೆಚ್ಚು ಬಾಗಿಲಿಗೆ ಬೀಗ ಜಡಿಯುವುದು ಎಲ್ಲ ಇವರದೇ. ಮಕ್ಕಳು ಇಟ್ಟ ಹೆಸರು ಬೀಗದಮ್ಮ. "ನಮ್ಮತ್ತೆ ಬೀರು ಮುಚ್ಚೋವಾಗ್ಲೂ ಒಳಗ್ಯಾರಿದೀರಾ ಅಂತ ಕೇಳ್ತಾರೆ" ಎಂದು ಸೊಸೆ ತಮಾಷೆ ಮಾಡುತ್ತಾಳೆ. ಅತ್ತೆ ನಗುವುದಿಲ್ಲ.

ವರ್ಷಗಳ ಹಿಂದಿನ ಮಾತು. ತರಗತಿಯಲ್ಲಿ ಹರಟಿದ ಪುಟ್ಟ ಹುಡುಗಿಯನ್ನು ಟೀಚರು ಇದೇ ಮಂದಿರದಲ್ಲಿ ಸಂತನ ಪ್ರತಿಮೆಯ ಹಿಂದೆ ಮಂಡಿಯೂರಿಸಿ, "ನಾನು ಬರೋವರೆಗೂ ಏಳ್ಬೇಡ" ಎಂದು ಹೋದವರು ಮರೆತೇಬಿಟ್ಟರು. ಸಂಜೆ ಆಯಾ ಬಾಗಿಲಲ್ಲೇ ನಿಂತು ಕರೆದರು. ಸದ್ದಿಲ್ಲ. ಬೀಗ ಹಾಕಿದರು.

"ಮಗೂನ ಅಮ್ಮ ಹುಡುಕ್ಕೊಂಡು ಬಂದಾಗ, ಮಂದಿರದಲ್ಲಿಲ್ಲ, ಕರೆದು ನೋಡೇ ಬೀಗ ಹಾಕಿದೀನಿ ಅಂತ ನಾನೇ ಹೇಳ್ಬಿಟ್ಟೆ ಸರ್. ಪಾಪ, ನನ್ನ ಮಾತು ನಂಬಿ ಊರೆಲ್ಲ ಅಲೆದ್ರು. ಬೆಳಿಗ್ಗೆ ಬಾಗಿಲು ತೆಗೆದ್ರೆ ಮಗು ಗೋಡೆಗೊರಗಿ ಮಂಡಿ ಮೇಲೇ ಇತ್ತು. 'ಈಗ ಏಳ್ಬಹುದಾ ಆಯಮ್ಮಾ' ಅಂತು. ಕರೆದಾಗ ಯಾಕೆ ಓ ಅನ್ಲಿಲ್ಲ ಕಂದಾ ಅಂದೆ. 'ಇಲ್ಲಿ ಮಾತಾಡ್ಬಾರ್ದಲ್ವಾ' ಅಂತು."

ಮಂದಿರದಲ್ಲಿ ಉಸಿರೆತ್ತಬಾರದೆಂದು ಮಕ್ಕಳನ್ನು ದಿನವೂ ಗದರಿಸುತ್ತಿದ್ದವರು ಇದೇ ಆಯಾ.

ಇಂದು ಸಂಜೆ ದೊಡ್ಡ ರಜೆ ಶುರು. ಈಗ ಬಿದ್ದ ಬೀಗವನ್ನು ಇನ್ನೊಂದು ತಿಂಗಳು ಯಾರೂ ತೆಗೆಯುವುದಿಲ್ಲ. ಬೀಗದಮ್ಮನಿಗೆ ಬೆಳಗಿನಿಂದ ಒಂದು ತುತ್ತೂ ಇಳಿದಿಲ್ಲ. ಮಕ್ಕಳೆಲ್ಲ ಹೋದ ಮೇಲೆ ಕರೆಯುತ್ತಾರೆ, ಬೆಂಚುಗಳ ಕೆಳಗೆ ತೆವಳುತ್ತಾರೆ, ಪ್ರತಿಮೆಯ ಹಿಂದೆ ತಡಕಾಡುತ್ತಾರೆ. ಬೀಗ ಹಾಕಿ ಗೇಟಿನವರೆಗೆ ಬಂದವರು ಮತ್ತೆ ಬಾಗಿಲು ತೆಗೆದು ನೋಡಲು ಓಡುತ್ತಾರೆ. ಅವರ ಭಯ ನನಗೂ ಅಂಟಿಕೊಂಡಿದೆ. ಈ ಸಲ ನಾನೂ ಬೆಂಚಿನ ಕೆಳಗೆ ಬಗ್ಗುತ್ತೇನೆ.

ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳಿದರೆ ಮುಖದ ಬೆವರು ಒರೆಸಿಕೊಳ್ಳುತ್ತಾರೆ.

"ನನ್ನ ವಿಷಯ ಬಿಡಿ ಸರ್. ಮಕ್ಕಳಿಗೆ ಅರ್ಥ ಆಗೋ ಹಾಗೆ ಇಷ್ಟು ಬರೀರಿ ಸಾಕು. ಬೀಗದಮ್ಮ ಕರೆದ್ರೆ, ದೇವರ ಮುಂದೇನೇ ಇದ್ರೂ ಸರಿ, ಕಿರುಚಿ ಅಂತ."