ಬೆಕ್ಕಿನ ಸೂಜಿಮದ್ದು, ಮದುವೆಮನೆಯ ಐಸು

ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹಲ್ಲಿನ ಗುರುತಿದೆ. ಟೈಪು ಹೊಡೆಯುವಾಗ ಈಗಲೂ ಚಳುಕು ಬರುತ್ತದೆ. ಕಚ್ಚಿದ್ದು ಬೆಕ್ಕು, ತಪ್ಪು ನನ್ನದು. ಅದನ್ನೇ ಹೇಳಿಬಿಡುತ್ತೇನೆ.

ಹುಣಸೂರಿನ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ನಾನಾಗ ಗುಮಾಸ್ತ. ಕೋಟೆ ತಾಲ್ಲೂಕಿನ ಕಾಡಿನಿಂದ ದಿಮ್ಮಿಗಳು ಬರುತ್ತಿದ್ದವು. ಮಿಲ್ಲಿನ ಸಾಹುಕಾರರು ಮುಸಲ್ಮಾನರು, ಮನೆ ಮಿಲ್ಲಿನ ಹಿಂದೆಯೇ. ಅವರ ಬಲಗೈಯ ಎರಡು ಬೆರಳನ್ನು ಗರಗಸ ತಿಂದಿತ್ತು. ಸಕ್ಕರೆ ಕಾಯಿಲೆಯೂ ಇತ್ತು. ದಿನಾ ಬೆಳಿಗ್ಗೆ ಹತ್ತರ ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಬೇಕು. ಆ ಕೈಯಲ್ಲಿ ಸೂಜಿ ಹಿಡಿಯಲಾಗದೆ ಕೆಲಸ ನನಗೆ ಬಂತು. ನಾನೋ, ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ದಪ್ಪ ಇಂಗ್ಲಿಷ್ ವೈದ್ಯಪುಸ್ತಕವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ ಅರ್ಧ ಡಾಕ್ಟರಾಗಿದ್ದವನು. ಕುಣಿದುಕೊಂಡು ಒಪ್ಪಿದೆ.

ಆ ಮನೆಯಲ್ಲಿ ಒಂದು ಗಂಡುಬೆಕ್ಕು. ಕಣ್ಣು ಬಿಡುವ ಮುಂಚೆಯೇ ದಿಮ್ಮಿಗಳ ಸಂದಿಯಲ್ಲಿ ಸಿಕ್ಕಿದ್ದನ್ನು ಸಾಹುಕಾರರ ಹೆಂಡತಿ, ನಾವೆಲ್ಲ ಅಮ್ಮ ಅನ್ನುತ್ತಿದ್ದವರು, ಹಾಲಲ್ಲಿ ಅದ್ದಿದ ಬತ್ತಿ ಚೀಪಿಸಿ ಸಾಕಿದ್ದರು. ಅದು ಇದ್ದಕ್ಕಿದ್ದಂತೆ ಬಡಕಲಾಯಿತು. ತೊಟ್ಟಿಯ ನೀರಿಗೆ ಬಾಯಿಟ್ಟರೆ ತೆಗೆಯುತ್ತಿರಲಿಲ್ಲ. ಮರದ ಹೊಟ್ಟಿನ ಗುಡ್ಡೆಯಲ್ಲಿ ಅದು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಸಾಲು ಹರಿಯಿತು. ಖಾಲಿ ಬೋಗುಣಿಯಲ್ಲಿ ಉಚ್ಚೆ ಹಿಡಿದು, ಸಾಹುಕಾರರಿಗೆ ಪರೀಕ್ಷೆ ಮಾಡುತ್ತಿದ್ದ ನೀಲಿ ನೀರಿಗೆ ನಾಲ್ಕು ಹನಿ ಬಿಟ್ಟು ಕುದಿಸಿದೆ. ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಬೆಕ್ಕಿಗೂ ಸಕ್ಕರೆ ಕಾಯಿಲೆ!

ದನದ ವೈದ್ಯನೊಬ್ಬ ಬಂದು ನೋಡಿ, "ಚೀಲ್ದಲ್ಲಿ ಕಟ್ಟಿ ಲಕ್ಷ್ಮಣತೀರ್ಥದ ಹೊಳೆಗೆ ಎಸೀರಿ ಅತ್ಲಾಗೆ" ಅಂದ. ಅಮ್ಮ ಅವನ ಮೇಲೆ ಚೊಂಬು ಬೀಸಿದರು. ಅವನ ಹಣೆ ಒಡೆಯಿತು.

ಸಾಹುಕಾರರು ಹೆಂಡತಿಯ ಮುಖ ನೋಡಿ ನನಗೆ ಹೇಳಿದರು: "ಯುದ್ಧದ್ ಕಾಲ ಕಣ್ಲಾ, ಮದ್ದು ಸಿಗದೇ ಕಷ್ಟ. ಆದ್ರೂ ನನ್ ಸೀಸೇಲೇ ಇದ್ಕೂ ಒಂಚೂರು ಹಾಕು. ಮುಂದಿನ ಸೀಸೆ ಮುಗಿಯೋ ಒಳಗೆ ಮೈ ಹತ್ತಬೇಕು. ಇಲ್ದಿದ್ರೆ ಅವ್ನು ಹೇಳ್ದಂಗೆ ಹೊಳೆಗೇ."

ಅಲ್ಲಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಯುದ್ಧ. ಅಮ್ಮ ಅದನ್ನು ಗೋಣಿಚೀಲದಲ್ಲಿ ಸುತ್ತಿ ಮೊಣಕಾಲಲ್ಲಿ ಅದುಮುವರು, ನಾನು ಕತ್ತಿನ ಚರ್ಮ ಎತ್ತಿ ಚುಚ್ಚುವೆ. ಚೀಲ ಹರಿದು ಉಗುರು ಹೊರಗೆ ಬರುತ್ತಿತ್ತು. ನಮ್ಮಿಬ್ಬರ ತೋಳೂ ಉಳುಮೆ ಮಾಡಿದ ಹೊಲ. ಆದರೆ ಸೂಜಿಯ ಗಾಜಿನ ಮೇಲಿನ ಅಳತೆಯಲ್ಲಿ ಒಂದೇ ಒಂದು ಗೀಟು ಮದ್ದಿಗೇ ಇರುವೆ ಕಮ್ಮಿಯಾದವು. ವಾರದಲ್ಲಿ ಬೆಕ್ಕು ದಿಮ್ಮಿ ಹತ್ತಿತು.

ಅಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಲ್ಲ. ಸೀಸೆ ಇರುತ್ತಿದ್ದದ್ದು ಬಾವಿಯ ನೆರಳಲ್ಲಿ, ಒದ್ದೆ ಮರಳಿನ ಮಡಕೆಯೊಳಗೆ. ಅಮ್ಮ ಹೊತ್ತಿಗೆ ಸರಿಯಾಗಿ ಮರಳಿಗೆ ನೀರು ಚಿಮುಕಿಸುವರು. ನನ್ನ ಪುಸ್ತಕದಲ್ಲಿ 'ತಣ್ಣಗಿಡಬೇಕು' ಎಂದಿತ್ತು. ಮಡಕೆಯ ತಣುಪು ನನಗೆ ಸಾಲದು ಅನ್ನಿಸಿತು. ಎರಡನೇ ಸೀಸೆ ಬಂದ ದಿನ ಪಕ್ಕದ ಬೀದಿಯಲ್ಲಿ ಮದುವೆ. ಶರಬತ್ತಿಗೆಂದು ಮೈಸೂರಿನಿಂದ ಬಸ್ಸಿನಲ್ಲಿ ಐಸು ಬಂದಿತ್ತು, ಕರಗದಿರಲಿ ಎಂದು ನಮ್ಮ ಮಿಲ್ಲಿನ ಹೊಟ್ಟನ್ನೇ ಒಯ್ದು ಮುಚ್ಚಿದ್ದರು. ಉಳಿದ ಗಡ್ಡೆ ಬೇಡಿ ತಂದು, ಪೆಟ್ಟಿಗೆಯಲ್ಲಿ ಹೊಟ್ಟು ತುಂಬಿ, ಸೀಸೆ ಹೂತಿಟ್ಟೆ. ಸಾಲದ್ದಕ್ಕೆ ಐಸಿನ ಮೇಲೆ ಎರಡು ಹಿಡಿ ಉಪ್ಪು. ಉಪ್ಪು ಬಿದ್ದರೆ ಐಸು ಇನ್ನೂ ತಣ್ಣಗಾಗುತ್ತದೆ ಎಂದು ಎಲ್ಲೋ ಓದಿದ್ದೆ.

ಮಾರನೆಯ ದಿನ ಮದ್ದು ಕಲ್ಲಾಗಿತ್ತು. ಅಂಗೈಯಲ್ಲಿ ಹಿಡಿದು ಕರಗಿಸಿದೆ. ತಿಳಿನೀರಿನಂತಿದ್ದದ್ದರಲ್ಲಿ ಬಿಳಿ ಚೂರುಗಳು ತೇಲಿದವು. ಅಲ್ಲಾಡಿಸಿದೆ, ಕಾಣದಾದವು. ಸರಿಹೋಯಿತು ಅಂದುಕೊಂಡೆ.

ನಾಲ್ಕು ದಿನಕ್ಕೆ ಇರುವೆ ಮತ್ತೆ ಬಂದವು. ನೀಲಿ ನೀರು ಬೆಕ್ಕಿನದಕ್ಕೂ ಇಟ್ಟಿಗೆ ಬಣ್ಣ, ಸಾಹುಕಾರರದಕ್ಕೂ ಇಟ್ಟಿಗೆ ಬಣ್ಣ. ಇಬ್ಬರ ಕಾಯಿಲೆಯೂ ಒಟ್ಟಿಗೆ ಏರಿತು ಎಂದು ತೀರ್ಮಾನಿಸಿದೆ! ಬೆಕ್ಕಿಗೆ ಒಂದು ಗೀಟಿದ್ದದ್ದು ಎರಡಾಯಿತು, ಆಮೇಲೆ ನಾಲ್ಕು. ಸಾಹುಕಾರರಿಗೆ ಹತ್ತರಿಂದ ಇಪ್ಪತ್ತು. ಅವರು ಚೊಂಬುಗಟ್ಟಲೆ ನೀರು ಕುಡಿದರು, ಕೈಗೆ ಸಿಕ್ಕಿದ್ದನ್ನು ಎಸೆದರು. ಒಂದು ದಿನ ಬೆಕ್ಕು ಕಾಲಿಗೆ ಅಡ್ಡ ಬಂತೆಂದು ಒದ್ದರು. ಅದು ಗೋಡೆಗೆ ಬಡಿದು ಬಿತ್ತು.

"ಸೀಸೆ ಇನ್ನೆಷ್ಟೈತೆ?"

"ಇವತ್ತಿಗೆ ಮುಗೀತು ಸಾವ್ಕಾರ್ರೇ."

"ಚೀಲ ತಗಂಬಾ."

ಅಮ್ಮ ಬಾಗಿಲಿಗೆ ಅಡ್ಡ ನಿಂತರು. "ಅದ್ನ ಹೊಳೆಗ್ ಹಾಕೋ ಮುಂಚೆ ನನ್ನ ಹಾಕ್ರಿ. ನಾಳೆ ಹೊಸಾ ಸೀಸೆ ಬತ್ತದೆ, ಒಂದೇ ಒಂದ್ ದಿನ ನೋಡುವಾ."

ಹೊಸ ಸೀಸೆ ಬಸ್ಸಿನಲ್ಲಿ ಬಂದಾಗ ನಾನು ಪಿರಿಯಾಪಟ್ಟಣಕ್ಕೆ ಹೋಗಿದ್ದೆ. ಐಸು ಎಂದೋ ಕರಗಿತ್ತು. ಅಮ್ಮ ಅದನ್ನು ತಮ್ಮ ಹಳೇ ಮರಳಿನ ಮಡಕೆಯಲ್ಲಿಟ್ಟರು. ಮಾರನೆಯ ಬೆಳಿಗ್ಗೆ ಎಂಟಕ್ಕೆ ನಾನು ಯೋಚನೆಯಿಲ್ಲದೆ ಅದರಿಂದ ನಾಲ್ಕು ಗೀಟು ಎಳೆದು ಬೆಕ್ಕಿಗೆ ಚುಚ್ಚಿದೆ.

ಹತ್ತಾಗುತ್ತಾ ಬಂದಿತ್ತು. ಸಾಹುಕಾರರು ತೋಳು ಮಡಿಸಿ ಕೂತಿದ್ದರು. ಸೂಜಿಯಲ್ಲಿ ಇಪ್ಪತ್ತು ಗೀಟು ತುಂಬಿಯಾಗಿತ್ತು. ಸ್ಪಿರಿಟ್ಟಿನ ಹತ್ತಿ ಒತ್ತುತ್ತಿದ್ದೆ, ಅಡುಗೆಮನೆಯಲ್ಲಿ ಪಾತ್ರೆಗಳು ಉರುಳಿದವು. ಬೆಕ್ಕು ನೆಲದಲ್ಲಿ ಬಿಲ್ಲಿನಂತೆ ಬಾಗಿ ಒದ್ದಾಡುತ್ತಿತ್ತು. ತಲೆಯನ್ನು ಒಲೆಯ ಕಲ್ಲಿಗೆ ಚಚ್ಚಿಕೊಂಡಿತು, ಬಾಯಲ್ಲಿ ನೊರೆ, ಕಣ್ಣು ತೆರೆದೇ ಇದ್ದರೂ ನೋಟವಿಲ್ಲ.

"ಯಾ ಅಲ್ಲಾ! ಏನ್ ಹಾಕ್ದೆ ಇದ್ಕೆ?"

"ಬೆಲ್ಲ ಅಮ್ಮಾ! ಬೆಲ್ಲದ ನೀರು!"

ಮದ್ದು ಹೆಚ್ಚಾದರೆ ಸಿಹಿ ಕೊಡಬೇಕು, ಅಷ್ಟನ್ನು ಮಾತ್ರ ನಾನು ಸರಿಯಾಗಿ ಓದಿಕೊಂಡಿದ್ದೆ. ಅಮ್ಮ ಕಲಸಿ ಕೊಟ್ಟ ಗಟ್ಟಿ ಪಾಕದಲ್ಲಿ ಹೆಬ್ಬೆರಳದ್ದಿ ಅದರ ಒಸಡಿಗೆ ಉಜ್ಜಿದೆ. ದವಡೆ ಕಚ್ಚಿಕೊಂಡಿತು. ಹಲ್ಲು ಮೂಳೆಗೆ ತಾಗಿದ್ದು ಗೊತ್ತಾಯಿತು. ಬಿಡಿಸಿಕೊಳ್ಳದೆ ಇನ್ನೊಂದು ಕೈಯಲ್ಲಿ ಉಜ್ಜಿದೆ. ಸಾಹುಕಾರರು ದಿಮ್ಮಿ ಅಳೆಯುವ ಕೋಲು ತಂದು ನನ್ನ ಬೆನ್ನಿಗೆ ಬಾರಿಸಿದರು, ಒಂದು, ಎರಡು, ಮೂರು.

"ನನ್ ಹೆಂಡ್ತಿ ಮಗೂನ ಕೊಂದ್ಯಲ್ಲೋ!"

ಎರಡು ದಿನದ ಹಿಂದೆ ಅದೇ ಮಗುವಿಗೆ ಚೀಲ ಕೇಳಿದ್ದವರು! ಕೋಲು ಮುರಿಯಿತು. ಅಮ್ಮ ಮುರಿದ ತುಂಡು ಕಿತ್ತುಕೊಂಡರು. "ಹೊಡೀಬ್ಯಾಡ್ರಿ, ಅವ್ನ ಕೈ ಅದ್ರ ಬಾಯಾಗೈತೆ!"

ಸ್ವಲ್ಪ ಹೊತ್ತಿಗೆ ದವಡೆ ಸಡಿಲವಾಯಿತು. ಬೆಕ್ಕು ಬೆಲ್ಲ ನೆಕ್ಕಿತು, ನನ್ನ ರಕ್ತವನ್ನೂ ನೆಕ್ಕಿತು.

ಅಮ್ಮ ಹೊಸ ಸೀಸೆಯ ಡಬ್ಬಿ ತಂದು ಒಳಗೆ ಮಡಿಸಿಟ್ಟಿದ್ದ ಕಾಗದ ನನ್ನ ಮುಂದೆ ಹಿಡಿದರು. "ದೊಡ್ಡ ಪುಸ್ತಕ ಓದ್ತೀಯಲ್ಲ, ಇದ್ನ ಓದಿದ್ಯಾ?"

ಹಿಂದಿನ ಸೀಸೆಯದನ್ನು ನಾನು ನನ್ನ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದೆ, ಓದಿರಲಿಲ್ಲ. ಜೋರಾಗಿ ಓದಿ ಕನ್ನಡದಲ್ಲಿ ಹೇಳಿದೆ: ತಣ್ಣಗಿಡಿ, ಹೆಪ್ಪುಗಟ್ಟಿಸಬೇಡಿ, ಹೆಪ್ಪುಗಟ್ಟಿದ್ದನ್ನು ಬಳಸಬೇಡಿ.

ಐಸಿನಲ್ಲಿಟ್ಟ ಸೀಸೆಯ ಮದ್ದು ಸತ್ತಿತ್ತು, ಅದಕ್ಕೆಂದು ಏರಿಸಿದ ಅಳತೆಯನ್ನೇ ನಾನು ಜೀವವಿದ್ದ ಹೊಸ ಮದ್ದಿನಲ್ಲೂ ಎಳೆದಿದ್ದೆ. ಸಾಹುಕಾರರು ಮಣೆಯ ಮೇಲಿದ್ದ ಸೂಜಿಯನ್ನು, ಅದರಲ್ಲಿದ್ದ ಇಪ್ಪತ್ತು ಗೀಟನ್ನು ನೋಡಿದರು. ಆಮೇಲೆ ಬೆಕ್ಕನ್ನು ನೋಡಿದರು.

"ಇದು ಮೊದ್ಲು ಚುಚ್ಚಿಸ್ಕಳದೆ ಹೋಗಿದ್ರೆ, ಅಲ್ಲಿ ಒದ್ದಾಡ್ತಿದ್ದೋನು ನಾನು."

ಗೋಣಿಚೀಲವನ್ನು ಎತ್ತಿ ಅವರೇ ಒಲೆಗೆ ತುರುಕಿದರು. ತೋಳು ಮತ್ತೆ ಮಡಿಸಿದರು.

"ಈಗೆಷ್ಟು ಹಾಕ್ತೀಯ?"

"ಮೊದ್ಲಿನಷ್ಟೇ ಸಾವ್ಕಾರ್ರೇ. ಹತ್ತು."

"ಹಾಕು. ಕೈ ನಡುಗ್ತೋ, ಇನ್ನೊಂದ್ ಕೋಲೈತೆ."

ನಡುಗಿತು. ಅವರು ಹೊಡೆಯಲಿಲ್ಲ.