ಆ ವರ್ಷದ ದ್ರಾಕ್ಷಾಸವ

ನಾನು ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಮಾವನವರು ನಾಡಿ ನೋಡಿ ಔಷಧ ಕೊಡುವ ವೈದ್ಯರು. ಮನೆಯ ಪಡಸಾಲೆಯೇ ಅವರ ದವಾಖಾನೆ. ಅಡುಗೆಮನೆಯಲ್ಲಿ ಸಾರಿನ ಪಕ್ಕದ ಒಲೆಯ ಮೇಲೆ ಯಾವಾಗಲೂ ಒಂದು ಕಷಾಯ ಕುದಿಯುತ್ತಿತ್ತು. ಮನೆಯಲ್ಲಿ ಮದ್ಯದ ಹೆಸರನ್ನೂ ಎತ್ತುವಂತಿರಲಿಲ್ಲ. ಆದರೆ ವರ್ಷಕ್ಕೊಮ್ಮೆ ಮಾವನವರು ಒಂದು ದೊಡ್ಡ ಭರಣಿಯಲ್ಲಿ ದ್ರಾಕ್ಷಿ, ಬೆಲ್ಲ, ಏಲಕ್ಕಿ, ದಾಲ್ಚಿನ್ನಿ, ಹುಳಿ ಹಿಡಿಸುವ ಧಾತಕಿ ಹೂವು ಹಾಕಿ ಹುಳಿಯಲು ಬಿಟ್ಟು ದ್ರಾಕ್ಷಾಸವ ಮಾಡುತ್ತಿದ್ದರು. ಅದು ಅಶಕ್ತರಿಗೆ ಕೊಡುವ ಔಷಧ. ಊಟವಾದ ಮೇಲೆ ಎರಡು ಚಮಚ, ಅಷ್ಟೆ.

ಅದಕ್ಕೆ ಬೇಕಾದ ಕರಿ ಒಣದ್ರಾಕ್ಷಿ ಗದಗಿನಿಂದ ಬರುತ್ತಿತ್ತು. ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮುಸಲ್ಮಾನ ಸಾಹೇಬರೊಬ್ಬರು ಮಾವನವರ ಹಳೆಯ ಸ್ನೇಹಿತರು. ನಾನು ಬಂದ ಎರಡನೆಯ ವರ್ಷ ಅವರು ತಾವೇ ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ಬಂದರು. "ವೈದ್ಯರ, ಇಂಥಾ ಮಾಲ ನನ್ನ ಅಂಗಡಿಗೆ ಹಿಂದ ಬಂದಿಲ್ಲರಿ. ಬ್ಯಾರೆಯವ್ರಿಗೆ ತೂಗಾಕ ಮನಸ್ಸ ಬರಲಿಲ್ಲ" ಎಂದು ಚೀಲದ ಬಾಯಿ ಬಿಚ್ಚಿದರು. ದ್ರಾಕ್ಷಿ ದಪ್ಪಗೆ, ಮೆತ್ತಗೆ, ಕೈಗೆ ಅಂಟುವಷ್ಟು ರಸಭರಿತವಾಗಿತ್ತು. ಅದೇ ವಾರ ಮುಂಡರಗಿಯ ನನ್ನ ತವರಿನಿಂದ ಅಣ್ಣ ಬಂದ. ಕಪ್ಪತಗುಡ್ಡದಲ್ಲಿ ಆ ಸಲ ಧಾತಕಿ ಗಿಡಗಳು ಎಲೆ ಕಾಣದಂತೆ ಹೂ ಬಿಟ್ಟಿದ್ದವಂತೆ. ಕೆಂಪು ಹೂವು ಒಂದು ಗಂಟು ತಂದಿದ್ದ.

ಭರಣಿಯ ಬಾಯಿಗೆ ಅರಿವೆ ಸುತ್ತಿ, ಮಣ್ಣು ಮೆತ್ತಿ, ಜೋಳದ ರಾಶಿಯೊಳಗೆ ಹುಗಿದೆವು. ಒಂದು ತಿಂಗಳ ಮೇಲೆ ತೆಗೆದಾಗ ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಒಳಗಡೆ ತಿರುಗಿ ನೋಡಿದರು. ಅಂಥ ಪರಿಮಳ. ಸೋಸಿ ಗಾಜಿನ ಲೋಟಕ್ಕೆ ಹಾಕಿ ಕಿಟಕಿಗೆ ಹಿಡಿದರೆ ದಾಳಿಂಬೆ ಕಾಳಿನ ಬಣ್ಣ. ಮಾವನವರು ನಾಲಿಗೆಗೆ ಒಂದು ಹನಿ ಹಚ್ಚಿಕೊಂಡು, ಎರಡನೆಯ ಹನಿಗೆ ಮತ್ತೆ ಬೆರಳು ಚಾಚಿದರು. ಅತ್ತೆಯವರು ಚಮಚ ಚಾಚಿ, ರುಚಿ ನೋಡಿ, "ಔಷಧ ಇಷ್ಟ ರುಚಿ ಇದ್ರ ಜಡ್ಡ ಯಾರಿಗೆ ಬ್ಯಾಡ್ರಿ?" ಎಂದರು.

ಅವರ ಮಾತು ಸುಳ್ಳಾಗಲಿಲ್ಲ. ಹೇಗೋ ಸುದ್ದಿ ಹಬ್ಬಿ, ಊರಿಗೆ ಊರೇ ಅಶಕ್ತವಾಯಿತು. ಶಿರಹಟ್ಟಿಯಿಂದಲೂ ಜನ ಬಂದರು. ಒಂದು ಮುಂಜಾನೆ ನಮ್ಮ ಓಣಿಯ ನಿವೃತ್ತ ಮಾಸ್ತರರು ಗೋಡೆ ಹಿಡಿದು ಹಿಡಿದು ಒಳಗೆ ಬಂದು ಕೂತರು.

"ಯಾಕೋ ಕೈಕಾಲಾಗ ಶಕ್ತಿನಽ ಇಲ್ಲರಿ ವೈದ್ಯರ."

ಮಾವನವರು ನಾಡಿ ಹಿಡಿದರು. "ಮಾಸ್ತರ, ನಿಮ್ಮ ನಾಡಿ ಹರೇದ ಹುಡುಗನಂಗ ಹೊಡ್ಯಾಕತ್ತೈತಿ."

"ಅದಽ ಮತ್ತ! ನನ್ನ ವಯಸ್ಸಿಗೆ ಅದು ಹಂಗ ಹೊಡೀಬಾರದಲ್ಲರಿ?"

ಬಾಗಿಲ ಹಿಂದೆ ನಿಂತಿದ್ದ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮಾವನವರು ನಗುತ್ತಲೇ ಶುಂಠಿ ಕಷಾಯದ ಪುಡಿ ಕಟ್ಟಿ ಕೊಟ್ಟರು. ಅವರದು ಅದೊಂದು ಹಟ. ನಿಜವಾಗಿ ಬೇಕಾದವರಿಗೆ ಬಿಟ್ಟು ಬೇರೆ ಯಾರಿಗೂ ಬಾಟಲಿ ಕೊಡುತ್ತಿರಲಿಲ್ಲ.

ಹೀಗಿರುವಾಗ ಗದಗಿನ ಸಾಹೇಬರು ಮತ್ತೆ ಬಂದರು. ಈ ಸಲ ಮುಖ ಬಾಡಿತ್ತು. ಅವರ ಹೆಂಡತಿ ಬಹಳ ದಿನ ಜ್ವರದಲ್ಲಿ ಮಲಗಿ ಎದ್ದಿದ್ದರು. ಜ್ವರ ಬಿಟ್ಟರೂ ತುತ್ತು ಅನ್ನ ಸೇರುತ್ತಿರಲಿಲ್ಲ. ಮಾವನವರು ಕೇಳಿದ್ದೇ ತಡ, ಎದ್ದು ಹೋಗಿ ಎಲ್ಲಕ್ಕಿಂತ ತಿಳಿಯಾದ ಬಾಟಲಿಯನ್ನು ಆರಿಸಿ ತಂದು ಅವರ ಮುಂದಿಟ್ಟರು. ಸಾಹೇಬರು ಅದನ್ನು ಕೈಯಲ್ಲಿ ಹಿಡಿದು ನೋಡಿದರು.

"ವೈದ್ಯರ, ಒಂದ ಮಾತ ಖರೆ ಹೇಳ್ರಿ. ಇದರಾಗ ಅಮಲು ಐತೇನು?"

"ಐತ್ರಿ ಸಾಹೇಬ್ರ" ಎಂದರು ಮಾವನವರು. "ನಾ ಹಾಕಿದ್ದಲ್ಲ, ಹುಳಿಯೋ ಮುಂದ ತಾನಽ ಹುಟ್ಟಿದ್ದು. ಭಾಳ ಇಲ್ಲ. ಆದ್ರ ಐತಿ."

ಸಾಹೇಬರು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. "ಹಂಗಾದ್ರ ನಮ್ಮಾಕಿ ಮುಟ್ಟಂಗಿಲ್ಲರಿ. ಔಷಧ ಅಂತ ಸುಳ್ಳು ಹೇಳಿ ಕುಡಸಾಕ ನನಗ ಆಗೂದಿಲ್ಲ."

"ನನಗೂ ಆಗೂದಿಲ್ಲ" ಎಂದು ಮಾವನವರು ಎದ್ದರು. "ನೀವು ಊಟ ಮಾಡಿ ಒಂದೀಟ ಅಡ್ಡಾಗ್ರಿ. ಸಂಜಿ ಬಸ್ಸಿಗೆ ಹೋಗೂವಂತ್ರಿ."

ಅತ್ತೆಯವರು ಸಾಹೇಬರಿಗೆ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಅವರು ಹಿಂದೆ ತಂದಿದ್ದ ಚೀಲದ ತಳದಲ್ಲಿ ಇನ್ನೂ ಒಂದಿಷ್ಟು ದ್ರಾಕ್ಷಿ ಉಳಿದಿತ್ತು. ನಾನೂ ಮಾವನವರೂ ಎದುರುಬದುರು ಕೂತು ಬೀಜ ಬಿಡಿಸಿದೆವು. ಸೊಸೆಯ ಜೊತೆ ಅವರು ಹಾಗೆ ಸರಿಸಮನಾಗಿ ಕೂತು ಕೆಲಸ ಮಾಡಿದ್ದು ಅದೇ ಮೊದಲು. ಅರೆದ ದ್ರಾಕ್ಷಿಗೆ ತುಪ್ಪ, ಕಲ್ಲುಸಕ್ಕರೆ, ಶುಂಠಿ, ಏಲಕ್ಕಿ ಹಾಕಿ ಕಾಯಿಸಿ ಲೇಹ್ಯ ಮಾಡಿದರು. ಹುಳಿಯುವ ಮಾತೇ ಇಲ್ಲ. ಬೆಚ್ಚಗಿದ್ದಾಗಲೇ ಡಬ್ಬಿಗೆ ತುಂಬಿ ಕೊಟ್ಟರು. ಸಾಹೇಬರು ಡಬ್ಬಿಯನ್ನು ಎದೆಗೊತ್ತಿ ಹಿಡಿದುಕೊಂಡು ಬಸ್ ಹತ್ತಿದರಂತೆ. ಕಳಿಸಿ ಬಂದ ಮಾವನವರು ಹೇಳಿದರು.

ಆಮೇಲೆ ಗದಗ-ಬೆಟಗೇರಿಯಿಂದ ಗಿರಾಕಿಗಳು ಬರತೊಡಗಿದರು. ಕಳಿಸುತ್ತಿದ್ದವರು ಸಾಹೇಬರೇ! ಹೆರಿಗೆಯಾದ ಮಗಳಿಗೆ ಬಾಟಲಿ ಒಯ್ಯಲು ಬಂದ ಕಳಸಾಪುರದ ತಾಯಿಯೊಬ್ಬಳು, ಸಾಹೇಬರು ತನಗೆ ಹೇಳಿದ್ದನ್ನು ನಮ್ಮ ಮುಂದೆ ಹೇಳಿದಳು: "ಈ ವರ್ಷದ್ದಽ ತಗೋಳ್ರಿ, ಮುಂದಿನ ವರ್ಷಕ್ಕ ಕಾಯಬ್ಯಾಡ್ರಿ ಅಂದ್ರು. ನೀವು ಕುಡದ ನೋಡೀರೇನ್ರಿ ಅಂತ ನಾ ಕೇಳಿದ್ನಿ. ಇಲ್ಲ ಯವ್ವಾ, ನಾ ದ್ರಾಕ್ಷಿ ನೋಡೇನಿ, ವೈದ್ಯರನ್ನ ನೋಡೇನಿ ಅಂದ್ರು."

ಮಾವನವರು ಆ ತಾಯಿಗೆ ಒಂದು ಬಾಟಲಿ ಹೆಚ್ಚಿಗೆ ಕೊಟ್ಟು ಕಳಿಸಿದರು.

ಮಳೆಗಾಲದ ಹೊತ್ತಿಗೆ ಸಾಹೇಬರು ಹೆಂಡತಿಯನ್ನೇ ಕರೆದುಕೊಂಡು ಬಂದರು. ತೆಳ್ಳಗಿದ್ದರೂ ಕಣ್ಣಲ್ಲಿ ಕಳೆ ಬಂದಿತ್ತು. ಸೀದಾ ಅಡುಗೆಮನೆಗೆ ಬಂದು, "ವೈನಿ, ಈಗ ರೊಟ್ಟಿ ಸೇರತೈತ್ರಿ, ನೀವು ಕೊಟ್ರ ಎರಡು ತಿಂತೀನಿ" ಎಂದು ಅತ್ತೆಯವರ ಪಕ್ಕದಲ್ಲೇ ಕೂತರು. ಎರಡಲ್ಲ, ಮೂರು ತಿಂದರು. ಇಬ್ಬರೂ ಮಕ್ಕಳು, ಮೊಮ್ಮಕ್ಕಳು, ಮೊಣಕಾಲು ನೋವು ಎಂದು ಮಾತಿಗೆ ಕೂತವರು ಬಸ್ಸಿನ ಹೊತ್ತಾದರೂ ಏಳಲೇ ಇಲ್ಲ.

ಅಂಥ ಆಸವ ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ. ಎಂಬತ್ತರ ದಶಕದಲ್ಲೂ ಮಾವನವರು ಪ್ರತಿ ವರ್ಷ ಭರಣಿ ಹೂಡಿದರು. ಔಷಧವಾಗಿ ಚೆನ್ನಾಗಿಯೇ ಇರುತ್ತಿತ್ತು. ಆದರೆ ಒಂದು ಹನಿ ಬಾಯಿಗೆ ಬಿಟ್ಟುಕೊಂಡು ಅವರು ಎರಡನೆಯ ಹನಿಗೆ ಬೆರಳು ಚಾಚಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಭರಣಿಗೆ ಹಾಕುವ ಮೊದಲು ಮಾತ್ರ ಪ್ರತಿ ಸಲವೂ ಒಂದು ಬೊಗಸೆ ದ್ರಾಕ್ಷಿಯನ್ನು ತಟ್ಟೆಗೆ ತೆಗೆದು ನನ್ನ ಕಡೆ ಸರಿಸುತ್ತಿದ್ದರು. "ಇದು ಸಾಹೇಬ್ರ ಮನಿ ಲೇಹ್ಯಕ್ಕ. ಬಾರವಾ, ಬೀಜ ಬಿಡಸೋಣು."