ಕಾರಿಗೆ ತಿದಿ ಕಟ್ಟಿದ ಬೀರ

ನನ್ನ ತಮ್ಮ ಬೀರಲಿಂಗಪ್ಪನ ಹತ್ತಿರ ಮಾತಾಡುವವರು ಅವನ ಬಲಗಡೆ ನಿಲ್ಲಬೇಕು. ಎಡಗಿವಿ ಸತ್ತುಹೋಗಿದೆ. ನ್ಯಾಮತಿ ಬಸ್ ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜಿದೆ. ಅಲ್ಲಿಗೆ ಬರುವ ಲಾರಿ ಡ್ರೈವರುಗಳು ಇಂಜಿನ್ ಸದ್ದಿಗೆ ಕಿವಿ ಹೋಗಿರಬೇಕು ಅಂದುಕೊಂಡಿದ್ದಾರೆ. ಇಂಜಿನ್ನೂ ಅಲ್ಲ, ಮಣ್ಣೂ ಅಲ್ಲ. ಅದು ಜಯದೇವಪ್ಪ ಗೌಡನ ಕೈಯ ಏಟು. ನಾನು ಅವನ ಅಕ್ಕ ಭೀಮಕ್ಕ. ಆ ಕಿವಿಯ ರಕ್ತ ಕಣ್ಣಾರೆ ಕಂಡವಳು, ಹೇಳುವುದಕ್ಕೆ ನನಗೆ ಯಾರಪ್ಪನ ಹೆದರಿಕೆಯೂ ಇಲ್ಲ.

ನಮ್ಮೂರು ನ್ಯಾಮತಿಯಿಂದ ಗೋವಿನಕೋವಿ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಹೆಸರು ಬೇಡ ಬಿಡಿ. ನಮ್ಮ ಕೇರಿ ತಗ್ಗಿನಲ್ಲಿ, ಟಾರು ರಸ್ತೆ ಮೇಲೆ, ನಡುವೆ ಒಂದು ದಿಬ್ಬ. ದಿಬ್ಬದ ಅರ್ಧಕ್ಕೆ ಗೌಡನ ಮನೆ, ದಾರಿಗೆ ಮುಖ ಮಾಡಿದ ದೊಡ್ಡ ಜಗಲಿ. ಕೇರಿಯವರು ಆ ಮನೆ ಮುಂದೆ ಕಾಲಿನ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬೇಕು. ಸೈಕಲ್ಲಿದ್ದರೆ ಇಳಿದು ತಳ್ಳಬೇಕು. ಗಾಡಿ ಮೇಲೆ ಕೂತಿದ್ದರೆ ಕೆಳಗಿಳಿಯಬೇಕು. ನಮ್ಮವ್ವ ಅಂತರಘಟ್ಟಮ್ಮ ಚರ್ಮದ ಕೆಲಸದಲ್ಲಿ ಎತ್ತಿದ ಕೈ. ಗೌಡನ ಮನೆಯವರು ಮೆಟ್ಟುವ ಮೆಟ್ಟೆಲ್ಲ ಅವಳು ಹೊಲಿದದ್ದೇ. ಅದನ್ನು ಕೊಡಲು ಹೋಗುವಾಗಲೂ ತನ್ನ ಮೆಟ್ಟು ಕೈಯಲ್ಲಿ ಹಿಡಿದೇ ಹೋಗುತ್ತಿದ್ದಳು. ಥೂ, ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಬೀರನಿಗೆ ಆಗ ಮೀಸೆ ಚಿಗುರುವ ವಯಸ್ಸು. ಹೊನ್ನಾಳಿಯಲ್ಲಿ ಬಾಷಾ ಸಾಹೇಬರ ಗ್ಯಾರೇಜಿಗೆ ಕೆಲಸಕ್ಕೆ ಸೇರಿದ್ದ. ಒಂದು ದಿನ ಸಾಹೇಬರ ಸೈಕಲ್ ತಂದವನು ಗೌಡನ ಮನೆ ಮುಂದೆ ಇಳಿಯಲಿಲ್ಲ. ಗೌಡನ ಆಳು ದುರುಗಪ್ಪ ಚಕ್ರಕ್ಕೆ ದೊಣ್ಣೆ ತೂರಿಸಿದ. ಬೀರ ಮುಖ ಅಡಿಯಾಗಿ ಬಿದ್ದ. ಗೌಡ ಜಗಲಿ ಇಳಿದು ಬಂದು, ಕೂದಲು ಹಿಡಿದು ಅವನನ್ನು ಎತ್ತಿ, ಕಿವಿ ಮೇಲೆ ಬಾರಿಸಿದ. ಒಂದಲ್ಲ, ಎರಡಲ್ಲ, ತನ್ನ ಕೈ ಸೋಲುವ ತನಕ. ಕಿವಿಯಿಂದ ರಕ್ತ ಇಳಿದು ಅಂಗಿ ತೊಯ್ದುಹೋಯಿತು. ಸೈಕಲ್ಲನ್ನು ಬಾವಿಗೆ ಎಸೆದರು.

ಸುದ್ದಿ ಕೇಳಿ ನಾನೂ ಅವ್ವನೂ ಓಡಿದೆವು. ಜಗಲಿ ಹತ್ತಿರ ಬರುತ್ತಲೇ ಅವ್ವ ನಿಂತಳು, ಬಗ್ಗಿ ಮೆಟ್ಟು ಬಿಚ್ಚಿದಳು. ಮಗ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದಾನೆ, ಇವಳು ಮೆಟ್ಟು ಬಿಚ್ಚುತ್ತಿದ್ದಾಳೆ! ಅವತ್ತು ನನಗೆ ಗೌಡನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಮನೆಗೆ ಬಂದು ಬೀರನ ಕಿವಿಗೆ ಅರಿವೆ ಒತ್ತುತ್ತಾ ಅವಳು ಅಂದದ್ದು ಒಂದೇ ಮಾತು, “ಬಡವನ ಸಿಟ್ಟು ದವಡೆಗೆ ಮೂಲ ಕಣೋ ಮಗನೆ.”

ಆಮೇಲೆ ನನ್ನನ್ನು ಜಗಳೂರಿಗೆ ಮದುವೆ ಮಾಡಿಕೊಟ್ಟರು. ಗಂಡ ಕುಡಿದು ಬಂದು ಕೈ ಎತ್ತುತ್ತಿದ್ದ. ಒಂದು ದಿನ ನಾನು ಒನಕೆ ಎತ್ತಿದೆ. ಅವನು ಹಾಸಿಗೆ ಹಿಡಿದ, ನಾನು ಬಸ್ಸು ಹಿಡಿದೆ. ಜಗಳೂರಿನಿಂದ ನಾನು ತಂದ ಒಂದೇ ಒಂದು ಒಳ್ಳೆಯ ಸುದ್ದಿ ಅಂದರೆ ಆ ಕಾರಿನದು.

ಚನ್ನಗಿರಿಯ ಅಡಿಕೆ ಮಂಡಿಯ ಸಾಹುಕಾರರೊಬ್ಬರ ಮಗ ಬೊಂಬಾಯಿಯಿಂದ ರೇಸಿನ ಕಾರು ತಂದಿದ್ದನಂತೆ. ಜಗಳೂರು ದಾರಿಯಲ್ಲಿ ಹುಣಸೆ ಮರಕ್ಕೆ ಗುದ್ದಿ ಕಾಲು ಮುರಿದುಕೊಂಡ. ಕಾರು ಅಲ್ಲೇ ಒಂದು ಷೆಡ್ಡಿನಲ್ಲಿ ಬಿದ್ದಿತ್ತು, ಅದರೊಳಗೆ ಮೇಕೆಗಳು ಮರಿ ಹಾಕುತ್ತಿದ್ದವು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಬೀರ ಹೋಗಿ ಕೇಳಿದ್ದಕ್ಕೆ ಸಾಹುಕಾರರು, “ಎಳ್ಕಂಡು ಹೋಗಪ್ಪ ಮಾರಾಯ, ಅದು ನಮಗೆ ದರಿದ್ರ” ಅಂದುಬಿಟ್ಟರು. ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು ಇದು.

ಬಾಷಾ ಸಾಹೇಬರ ಲಾರಿಗೆ ಹಗ್ಗ ಕಟ್ಟಿ ಟಾರು ರಸ್ತೆ ತನಕ ಎಳೆದು ತಂದರು. ಅಲ್ಲಿಂದ ದಿಬ್ಬ ಇಳಿಸಬೇಕಲ್ಲ, ಬೀರ ಹೊರಗಿನಿಂದ ಸ್ಟೇರಿಂಗ್ ಹಿಡಿದು ಕಾರಿನ ಪಕ್ಕದಲ್ಲೇ ನಡೆದ. ಹಿಂದೆ ಕೇರಿಯವರು ಹಗ್ಗ ಹಿಡಿದು ಜಗ್ಗುತ್ತಿದ್ದರು. ಸೀಟಿನಲ್ಲಿ ಯಾರೂ ಇಲ್ಲ. ಗೌಡ ಜಗಲಿ ಮೇಲೆ ಎಲೆ ಅಡಿಕೆ ಜಗಿಯುತ್ತಾ ನಕ್ಕ. “ಏನ್ಲೇ ಬೀರ, ಕಾರು ತಂದ್ರೂ ಎಮ್ಮೆ ಹೊಡ್ಕಂಡು ಹೋದಂಗೆ ಹೋಗ್ತೀಯಲ್ಲ!”

ಮನೆ ಮುಂದೆ ಕಾರು ನಿಲ್ಲಿಸಿದವನೇ ಬೀರ ಅವ್ವನ ಎದುರು ಕೂತ. “ಅವ್ವ, ಇದರಾಗೆ ನಿನ್ನ ಕೂರಿಸ್ಕಂಡು ಆ ದಿಬ್ಬ ಹತ್ತಿಸ್ತೀನಿ. ಆ ಮನೆ ಮುಂದೆ ನೀನು ಇಳಿಯಂಗಿಲ್ಲ.”

“ಇನ್ನೊಂದು ಕಿವಿ ಭಾರ ಆಗೈತೇನೋ ನಿಂಗೆ?” ಅಂದಳು ಅವ್ವ.

“ನೀನು ಕೂರ್ತೀಯೋ ಇಲ್ಲೋ, ಅಷ್ಟು ಹೇಳು.”

ಅವ್ವ ಕಾರನ್ನು ನೋಡಿದಳು, ಅವನ ಕಿವಿಯನ್ನು ನೋಡಿದಳು. “ಆತು, ಕೂರ್ತೀನಿ” ಅಂದಳು. ನನಗೇ ನಂಬಿಕೆ ಬರಲಿಲ್ಲ.

ಇಂಜಿನ್ ರಿಪೇರಿಗೆ ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೂ ಹೊತ್ತಿಕೊಂಡಿತು, ಆದರೆ ದಮ್ಮಿಲ್ಲ. ಮೊದಲು ಸಮ ನೆಲದಲ್ಲಿ ಓಡಿಸಿ, ಆಮೇಲೆ ಹಳ್ಳದ ಏರಿಯಲ್ಲಿ ನನ್ನನ್ನು ಕೂರಿಸಿ ಹತ್ತಿಸಿ ನೋಡಿದ. ಕುರಿ ಕಾಯುವ ಮುದುಕ ನಮ್ಮನ್ನು ದಾಟಿಕೊಂಡು ಮುಂದೆ ಹೋದ. ಬೀರ ಸ್ಟೇರಿಂಗಿಗೆ ಗುದ್ದಿದ. “ಹಿಂಗಾದ್ರೆ ದುರುಗಪ್ಪ ಬೀಡಿ ಹಚ್ಕಂಡು ನಿಧಾನಕ್ಕೆ ಬಂದು ಅವ್ವನ್ನ ಎಳೆದು ಇಳಿಸ್ತಾನೆ ಅಕ್ಕ. ಓಡಿ ಬಂದ್ರೂ ಕೈಗೆ ಸಿಗಬಾರ್ದು, ಹಂಗೆ ಹೋಗಬೇಕು ಇದು.”

ದಾರಿ ತೋರಿಸಿದವರು ಬಾಷಾ ಸಾಹೇಬರು. “ಇಂಜಿನ್ನು ತಾನಾಗೇ ಎಷ್ಟು ಉಸಿರು ಎಳ್ಕೊಂತೈತೋ ಅಷ್ಟೇ ಅದರ ತಾಕತ್ತು ಬೇಟಾ. ಉಸಿರನ್ನ ನಾವೇ ಒಳಕ್ಕೆ ತುರುಕಬೇಕು. ಅದಕ್ಕೆ ಸೂಪರ್‌ಚಾರ್ಜರ್ ಅಂತಾರೆ” ಅಂದರು. ಭದ್ರಾ ನಾಲೆ ತೋಡುವ ಕಾಲಕ್ಕೆ ಬಂದಿದ್ದ ಯಾವುದೋ ಮೆಷಿನ್ನಿನ ಸೂಪರ್‌ಚಾರ್ಜರ್ ಒಂದು ಚನ್ನಗಿರಿಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಬೀರ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಕಬ್ಬಿಣದ ಪೆಟ್ಟಿಗೆ, ಒಳಗೆ ಒಂದಕ್ಕೊಂದು ಹಲ್ಲು ಕೊಟ್ಟು ತಿರುಗುವ ಎರಡು ಉಕ್ಕಿನ ರೋಲು. ಅವ್ವ ನೋಡಿ, “ಕುಲುಮೆಗೆ ತಿದಿ ಊದಿದಂಗೆ ಅಲ್ಲೇನೋ ಇದು?” ಅಂದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ತಿದಿ.

ಆ ತಿದಿ ನಮ್ಮ ರಕ್ತ ಕುಡಿಯಿತು. ಒಳಗೆಲ್ಲ ತುಕ್ಕು, ರೋಲು ಅಲ್ಲಾಡುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಮರದ ಕೊಡತಿಯಿಂದ ಬಡಿದು ಬಡಿದು ಬಿಡಿಸಿದ. ರೋಲಿನ ಅಂಚು ಸವೆದಿದೆಯೋ ಎಂದು ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳು ಒಳಗಿಟ್ಟ, ಅದು ಬೆರಳ ತುದಿ ಕಚ್ಚಿ ನುಂಗಿತು. ಅರಿವೆ ಸುತ್ತಿಕೊಂಡು ಮತ್ತೆ ಕೂತ. ಗಾಡಿ ಚಕ್ರದ ಹಳೇ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಬಗ್ಗಿಸಿ, ಇಂಜಿನ್ನಿನ ಪಕ್ಕಕ್ಕೆ ಬೋಲ್ಟು ಹಾಕಿ ತಿದಿ ಕೂರಿಸಿದ. ಕಾರ್ಬುರೇಟರನ್ನು ಇಂಜಿನ್ನಿನಿಂದ ಬಿಚ್ಚಿ ತಿದಿಯ ಬಾಯಿಗೆ ಕಟ್ಟಿದ, ತಿದಿಯಿಂದ ಇಂಜಿನ್ನಿಗೆ ಪೈಪು ಎಳೆದ. ತಿದಿ ಅಡ್ಡ ಬಂದು ಬಾನೆಟ್ಟು ಮುಚ್ಚಲಿಲ್ಲ. ಉಳಿ ಸುತ್ತಿಗೆ ಹಿಡಿದು ನಾನೇ ಅದರ ಹೊಟ್ಟೆ ಸೀಳಿದೆ. ಒಂದೊಂದು ಏಟೂ ಗೌಡನ ಬುರುಡೆಗೆ ಅಂದುಕೊಂಡೇ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಮೊದಲನೇ ಸಲ ಸ್ಟಾರ್ಟ್ ಮಾಡಿದಾಗ ಪೈಪು ಸಿಡಿದು ಬೆಂಕಿ ಬಂದು ಬೀರನ ಹುಬ್ಬು ಸುಟ್ಟುಹೋಯಿತು. ಪೈಪು ದಪ್ಪನೆಯದು ಹಾಕಿದ.

ಕಷ್ಟ ಬಂದದ್ದು ಬೆಲ್ಟಿನಲ್ಲಿ. ಇಂಜಿನ್ನು ತಿರುಗಿದರೆ ತಿದಿಯೂ ತಿರುಗಬೇಕು, ನಡುವೆ ಬೆಲ್ಟು ಬೇಕು. ಗಿರಣಿಯ ಬೆಲ್ಟು ಜಾರಿತು, ಲಾರಿಯದು ಹರಿದು ಬಂದು ನನ್ನ ಮೊಣಕೈಗೆ ಬಾರುಕೋಲಿನ ಹಾಗೆ ಬಡಿಯಿತು. ಬೀರ ತಲೆ ಮೇಲೆ ಕೈ ಹೊತ್ತು ಕೂತ. ಅವ್ವ ಎದ್ದು ಹೋಗಿ ಅಟ್ಟದಿಂದ, ಬಾವಿ ನೀರೆತ್ತುತ್ತಿದ್ದ ಕಪಿಲೆಯ ಕಾಲದ ಕೋಣನ ಚರ್ಮದ ಪಟ್ಟಿ ತೆಗೆದಳು. ಅಳತೆ ನೋಡಿ, ರಂಪಿಗೆಯಲ್ಲಿ ಕೊಯ್ದು, ಎರಡು ತುದಿಯನ್ನೂ ಸವರಿ ಒಂದರ ಮೇಲೊಂದಿಟ್ಟು ಸಣ್ಣ ಬಾರಿನಲ್ಲಿ ಹೊಲಿದು, ಹರಳೆಣ್ಣೆ ಉಣಿಸಿ ಕೊಟ್ಟಳು. “ಗೌಡನ ಮೆಟ್ಟಿಗೆ ಹಾಕೋ ಹೊಲಿಗೇನೇ ಕಣೋ. ಹರಿಯಲ್ಲ ಹೋಗು” ಅಂದಳು.

ಬೀರ ಸ್ಟಾರ್ಟ್ ಮಾಡಿದ. ಅಬ್ಬಬ್ಬಾ! ತಿದಿ ಕೂಗಿದ ಕೂಗಿಗೆ ಕೇರಿಯ ನಾಯಿಗಳೆಲ್ಲ ಬಾಲ ಮುದುರಿಕೊಂಡು ಓಡಿದವು. ಹಳ್ಳದ ಏರಿಯಲ್ಲಿ ಮತ್ತೆ ನನ್ನನ್ನು ಕೂರಿಸಿಕೊಂಡು ಹತ್ತಿಸಿದ. ಹೋದದ್ದೇ ಗೊತ್ತಾಗಲಿಲ್ಲ, ನನ್ನ ತಲೆಗೂದಲು ಬಿಚ್ಚಿ ಹಾರಿತು. ಆ ಸದ್ದು ಗೌಡನ ಜಗಲಿಗೂ ಮುಟ್ಟಿತು. ಸಂಜೆಗೆ ದುರುಗಪ್ಪ ಬಂದು ನಿಂತ.

“ಗೌಡ್ರು ಹೇಳಿ ಕಳಿಸ್ಯಾರೆ. ಅದನ್ನ ದಿಬ್ಬ ಹತ್ತಿಸೋದಾದ್ರೆ ತಳ್ಕಂಡು ಹೋಗ್ಬೇಕಂತೆ. ಕೂತ್ಕಂಡು ಹೋದ್ರೆ ಹೆಣ ಬೀಳ್ತೈತಂತೆ.”

“ಯಾರ್ದು ಅಂತ ಕೇಳ್ಕಂಡು ಬಾ ಹೋಗು” ಅಂದೆ ನಾನು.

ಮರುದಿನ ಬೆಳಿಗ್ಗೆ ಅವ್ವ ಮಿಂದು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ಕಾರು ಹತ್ತುವ ಮೊದಲು ಬಗ್ಗಿ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ನಾನು ಕಿರುಚಿದೆ, “ಅವ್ವ, ಇವತ್ತಾದ್ರೂ ಮೆಟ್ಕಳೇ!”

“ಇರ್ಲಿ ಬಿಡೇ, ರೂಢಿ” ಅಂದು ಅವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ತಿದಿ ಕೂಗಿತು. ಕಾರು ಧೂಳೆಬ್ಬಿಸಿ ದಿಬ್ಬಕ್ಕೆ ನುಗ್ಗಿತು. ನಾನು ಜಾಕಿಯ ರಾಡು ಹಿಡಿದು ಹಿಂದೆ ಓಡಿದೆ. ಯಾರೂ ಓಡಿ ಹಿಡಿಯುವ ಹಾಗಿರಲಿಲ್ಲ. ಅದು ಗೌಡನಿಗೂ ಗೊತ್ತಿತ್ತು. ಕಾರು ಅವನ ಮನೆ ಹತ್ತಿರ ಬರುತ್ತಲೇ ಆಳುಗಳು ಎತ್ತಿಲ್ಲದ ಗಾಡಿಯೊಂದನ್ನು ದಾರಿಗೆ ಅಡ್ಡ ನೂಕಿದರು. ಬೀರ ಬ್ರೇಕು ಒತ್ತಿದ, ಆದರೂ ಮೂತಿ ಹೋಗಿ ಗಾಡಿಯ ಚಕ್ರಕ್ಕೆ ಬಡಿಯಿತು.

ಅಷ್ಟೇ. ಬೀರನನ್ನು ಕತ್ತಿನ ಪಟ್ಟಿ ಹಿಡಿದು ಹೊರಗೆಳೆದರು. ದೊಣ್ಣೆಗಳು ಎದ್ದವು, ಬಿದ್ದವು. ಪಕ್ಕೆಗೆ, ಬೆನ್ನಿಗೆ, ಮೊಣಕಾಲಿಗೆ. ದುರುಗಪ್ಪ ಹಾರೆ ತಂದು ಬಾನೆಟ್ಟಿನ ತೂತಿನಲ್ಲಿ ಇಳಿಸಿ ತಿದಿಯನ್ನು ಕುಕ್ಕಿದ. ಪೆಟ್ಟಿಗೆ ಸೀಳಿತು, ಇಂಜಿನ್ನು ಒಂದು ಸಲ ಕೆಮ್ಮಿ ನಿಂತುಹೋಯಿತು. ಅವ್ವ ಹೊಲಿದ ಬೆಲ್ಟು ಮಾತ್ರ ಹಾಗೇ ಇತ್ತು.

“ಇಳಿಯೇ ಕೆಳಕ್ಕೆ!” ಗೌಡ ಜಗಲಿಯ ಮೇಲಿಂದ ಅರಚಿದ.

ಅವ್ವ ಅಲುಗಲಿಲ್ಲ. ದುರುಗಪ್ಪ ಹಾರೆ ಬಿಸಾಡಿ ಅವಳ ತುರುಬಿಗೆ ಕೈ ಹಾಕಿ ಎಳೆದ. ಅವಳು ಸೀಟಿನ ಅಂಚನ್ನು ತಬ್ಬಿ ಹಿಡಿದಳು. ಅಷ್ಟರಲ್ಲಿ ನಾನು ಅಲ್ಲಿಗೆ ಮುಟ್ಟಿದೆ. ಜಾಕಿ ರಾಡನ್ನು ಎರಡೂ ಕೈಯಲ್ಲಿ ಎತ್ತಿ ಅವನ ಹೆಗಲಿಗೆ ಇಳಿಸಿದೆ. ಮೂಳೆ ಮುರಿದ ಸದ್ದು ಕೇಳಿತು. ಅದಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದೆ, ಅಲೆದರೆ ಅಲೆದೆ. ಇನ್ನೊಬ್ಬ ನನ್ನ ಬಾಯಿಗೆ ಗುದ್ದಿದ, ಮುಂದಿನ ಹಲ್ಲು ಅಲ್ಲೇ ದಿಬ್ಬದಲ್ಲಿ ಬಿತ್ತು. ಕೆಳಗಿನಿಂದ ಇಡೀ ಕೇರಿ ಎದ್ದು ಬರುತ್ತಿತ್ತು. ದೊಣ್ಣೆ, ರಂಪಿಗೆ, ಒನಕೆ, ಕೈಗೆ ಸಿಕ್ಕಿದ್ದು. ಅದನ್ನು ಕಂಡು ಗೌಡನ ಆಳುಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ದುರುಗಪ್ಪ ನೆಲದಲ್ಲಿ ಉರುಳಾಡುತ್ತಾ ಬೊಬ್ಬೆ ಹೊಡೆಯುತ್ತಿದ್ದ.

ಬೀರ ತೆವಳಿಕೊಂಡು ಕಾರಿನ ಹತ್ತಿರ ಬಂದ. ಮುಖವೆಲ್ಲ ರಕ್ತ. “ಅವ್ವ, ಇಳಿ. ತಿದಿ ಹೋತು. ಇಂಜಿನ್ನೂ ಸತ್ತೋತು.”

“ಇಂಜಿನ್ನು ಸತ್ರೆ ನಾನ್ಯಾಕೆ ಇಳೀಲಿ?” ಅಂದಳು ಅವ್ವ. ಬಿಚ್ಚಿದ ಕೂದಲು ಕಟ್ಟಿಕೊಳ್ಳುತ್ತಾ ಹಿಂದಕ್ಕೆ ತಿರುಗಿ ಕೇರಿಯವರನ್ನು ನೋಡಿದಳು. “ಏನ್ ನೋಡ್ತಾ ನಿಂತೀರಿ? ನೂಕ್ರೋ.”

ಅಡ್ಡವಿದ್ದ ಗಾಡಿಯನ್ನು ಎತ್ತಿ ಮೋರಿಗೆ ಉರುಳಿಸಿದರು. ನಾನು ಹೊರಗಿನಿಂದ ಸ್ಟೇರಿಂಗ್ ಹಿಡಿದೆ. ಹೆಂಗಸರು, ಗಂಡಸರು, ಮುದುಕರು ಎಲ್ಲ ಬೆನ್ನು ಕೊಟ್ಟು ನೂಕಿದರು. ಕಾರು ಕಿರುಗುಟ್ಟುತ್ತಾ ಜಗಲಿಯ ಮುಂದೆ ಬಂತು. ಗೌಡ ನಿಂತಿದ್ದ, ಕಾಲಲ್ಲಿ ಅವ್ವ ಹೊಲಿದ ಮೆಟ್ಟು. ಅವ್ವ ಅವನ ಕಾಲನ್ನೇ ನೋಡಿದಳು. ಆಮೇಲೆ ಮಡಿಲಲ್ಲಿದ್ದ ತನ್ನ ಮೆಟ್ಟುಗಳನ್ನು ಕಾರಿನೊಳಗೆ ಕೆಳಗಿಟ್ಟು, ಕೂತಲ್ಲೇ, ಒಂದೊಂದಾಗಿ ಕಾಲು ತೂರಿಸಿದಳು.

ಟಾರು ರಸ್ತೆ ಮುಟ್ಟಿದ ಮೇಲೆ ಬೀರ ಕುಂಟುತ್ತಾ ಬಂದು ನೆಲದ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತ. “ಹತ್ತಿಸ್ಲಿಲ್ಲ ಕಣವ್ವ, ನನ್ನ ಕೈಲಿ ಆಗ್ಲಿಲ್ಲ” ಅನ್ನುತ್ತಿದ್ದ. ಅವ್ವ ಸೀಟಿನಿಂದಲೇ ಏನೋ ಅಂದಳು, ಅವನ ಎಡಗಡೆ ಇದ್ದಳಲ್ಲ, ಅವನಿಗೆ ಕೇಳಿಸಲಿಲ್ಲ. ಆಗ ಅವಳು ಕಾರಿನಿಂದ ಇಳಿದು, ಸುತ್ತು ಹಾಕಿ ಅವನ ಬಲಗಡೆ ಹೋಗಿ ಕೂತು, ಆ ಕಿವಿಗೆ ಬಾಯಿಟ್ಟು ಹೇಳಿದಳು.

“ನಾನು ಅಲ್ಲಿ ಇಳೀಲಿಲ್ಲ ಕಣೋ.”

ಸೆರಗಿನಿಂದ ಅವನ ಮುಖ ಒರೆಸಿದಳು. ಆಮೇಲೆ ಎದ್ದಳು. ಒಲೆ ಮೇಲೆ ಅಂಬಲಿ ಇಟ್ಟು ಬಂದಿದ್ದಳಂತೆ. ಮೆಟ್ಟು ಮೆಟ್ಟಿಕೊಂಡೇ ದಿಬ್ಬ ಇಳಿದು ಮನೆಗೆ ಹೋದಳು.